ಒಂದೇ ಮಂತ್ರದ ಮಂತ್ರವಾದಿ

ಕಳೆದ ಆಟಿ ತಿಂಗಳ ಒಂದು ಭಾನುವಾರ, ಉಡುಪಿಯ ಕುಂಜಿಬೆಟ್ಟಿನಲ್ಲಿರುವ ಭಾವನ ಮನೆಯ ಚಾವಡಿಯಲ್ಲಿ ನಾವು ನಾಲ್ವರು ಡಂಜನ್ಸ್ ಅಂಡ್ ಡ್ರಾಗನ್ಸ್ (ಒಬ್ಬರು ಕಥೆ ನಡೆಸುತ್ತಾ, ಉಳಿದವರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಮಾತಿನಲ್ಲೇ ಆಡುವ ಸಾಹಸದ ಆಟ) ಆಡಲು ಕುಳಿತಾಗ ಕರೆಂಟು ಹೋಗಿತ್ತು, ಮಳೆ ಬಿಡುವ ಲಕ್ಷಣವಿರಲಿಲ್ಲ. ಆಟ ನಡೆಸುವ ಭಾವ ಈಗಿನ ನಿಯಮಗಳನ್ನು ಬದಿಗಿಟ್ಟು 1981ರ ಬೇಸಿಕ್ ನಿಯಮಪುಸ್ತಕವನ್ನು ಆರಿಸಿದ್ದರು. ಸಾಲದ್ದಕ್ಕೆ, ಮಾಯಾವಸ್ತುಗಳು ಯಾವ ಪೇಟೆಯಲ್ಲೂ ಮಾರಾಟಕ್ಕಿಲ್ಲವೆಂದು ತಮ್ಮದೊಂದು ಕಟ್ಟುಪಾಡನ್ನೂ ಸೇರಿಸಿದ್ದರು.

ನನ್ನ ಪಾತ್ರ ಮಂತ್ರವಾದಿ. ಹೊಸ ಆವೃತ್ತಿಗಳಲ್ಲಿ ಕೆಲವು ಕಿರುಮಂತ್ರಗಳನ್ನು ಎಷ್ಟು ಸಲವಾದರೂ ಪ್ರಯೋಗಿಸಬಹುದು. ಇಲ್ಲಿ ಮೊದಲ ಹಂತದವನಿಗೆ ದಿನಕ್ಕೆ ಒಂದೇ ಮಂತ್ರ, ಅದೂ ಪ್ರಯೋಗಿಸಿದೊಡನೆ ನೆನಪಿನಿಂದ ಅಳಿಸಿಹೋಗಿ, ರಾತ್ರಿ ನಿದ್ದೆ ಮಾಡಿ ಎದ್ದು ಗ್ರಂಥವನ್ನು ಪುನಃ ಓದಿದ ಮೇಲೆಯೇ ಮರಳುವಂಥದ್ದು. ಕವಚ ತೊಡುವಂತಿಲ್ಲ, ಆಯುಧವೆಂದರೆ ಚೂರಿ ಮಾತ್ರ. ಜೀವಬಲಕ್ಕಾಗಿ ನಾಲ್ಕು ಮುಖದ ದಾಳ ಉರುಳಿಸಿದಾಗ ನನಗೆ ಬಿದ್ದದ್ದು 2.

ಹಿಂದಿನ ವಾರವಷ್ಟೇ ತಾಳಮದ್ದಳೆಯಲ್ಲಿ, ಅರ್ಜುನನಿಗೆಂದು ಕಾದಿಟ್ಟ ಶಕ್ತ್ಯಾಯುಧವನ್ನು ಘಟೋತ್ಕಚನ ಮೇಲೆ ಕಳೆದುಕೊಂಡ ಕರ್ಣನ ಸಂಕಟವನ್ನು ಕೇಳಿ ಬಂದಿದ್ದೆ. ಅದರ ಪ್ರಭಾವವೋ ನನ್ನ ಜಿಪುಣತನವೋ, ಎರಡು ಗಂಟೆ ಕಳೆದರೂ ನನ್ನಲ್ಲಿದ್ದ ಆ ಒಂದೇ ಮಂತ್ರ, ಎದುರಾಳಿಗಳನ್ನು ಮಲಗಿಸುವ ನಿದ್ರಾಮಂತ್ರ, ನನ್ನ ಬಾಯಿಂದ ಹೊರಡಲಿಲ್ಲ. ಅಷ್ಟರಲ್ಲಿ ಉಳಿದವರು ಆಟದ ನೆಲಮಾಳಿಗೆಯಲ್ಲಿ ಹತ್ತಡಿಯ ಕೋಲಿನಿಂದ ನೆಲ ಕುಟ್ಟುತ್ತಾ ಸಾಗಿದ್ದರು. ಒಂದೆಡೆ ಅನುಮಾನ ಬಂದು, ಗೆಳೆಯನೊಬ್ಬ ಕುಡಿಯುವ ನೀರನ್ನೇ ಕಲ್ಲುಹಾಸಿನ ಮೇಲೆ ಚೆಲ್ಲಿದ. ನೀರು ಸಂದಿಯೊಂದರಲ್ಲಿ ಇಂಗಿಹೋಯಿತೆಂದು ಭಾವ ಹೇಳಿದಾಗ ಅಡಿಯಲ್ಲಿ ಗುಂಡಿಯಿರುವುದು ತಿಳಿಯಿತು. ಅದಕ್ಕೆ ದಾಳವನ್ನೂ ಹಾಕಬೇಕಾಗಲಿಲ್ಲ. ಗುಂಡಿಯನ್ನು ಪತ್ತೆಹಚ್ಚುವ ಮಂತ್ರವೊಂದು ನಮ್ಮಲ್ಲಿದ್ದಿದ್ದರೆ ಆ ನೀರಿನ ಉಪಾಯ ಯಾರಿಗೂ ಹೊಳೆಯುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ.

ಮೆಟ್ಟಿಲ ಬುಡದಲ್ಲಿ ಏಳು ಗಾಬ್ಲಿನ್‌ಗಳು, ಎಂದರೆ ಕುಳ್ಳ ದುಷ್ಟಜೀವಿಗಳು, ಎದುರಾದವು. "ಅಲ್ಲ ಮಾರಾಯ, ಮಂತ್ರ ಇಟ್ಟುಕೊಂಡೇ ಸಾಯುವುದಾ?" ಎಂದು ಗೆಳೆಯ ರೇಗಿದ. ಎಂಟು ಮುಖದ ಎರಡು ದಾಳಗಳನ್ನು ಮೊಂಬತ್ತಿಯ ಬೆಳಕಿಗೆ ಉರುಳಿಸಿದೆ: 2 ಮತ್ತು 3. ಬಿದ್ದ ಮೊತ್ತದಷ್ಟೇ, ಐದು ಗಾಬ್ಲಿನ್‌ಗಳು ನಿದ್ದೆಹೋದವು, ಎರಡು ಉಳಿದವು. ಅವುಗಳ ಕಾಲಬುಡಕ್ಕೆ ದೀಪದೆಣ್ಣೆ ಸುರಿದು ಪಂಜು ಎಸೆದು ಹೇಗೋ ಪಾರಾದೆವು.

ಒಂದು ಪಂಜು ಉರಿಯುವುದು ಆಟದ ಒಂದು ಗಂಟೆ ಮಾತ್ರ. ಎಸೆದದ್ದು ಕಡೆಯದಕ್ಕಿಂತ ಹಿಂದಿನದು, ಇನ್ನುಳಿದದ್ದು ಒಂದೇ. ಭಾವ ಅದನ್ನು ಕಾಗದದಲ್ಲಿ ಹೊಡೆದುಹಾಕಿದ್ದನ್ನು ನೋಡಿ ಮರುಮಾತಿಲ್ಲದೆ ಹಿಂದಿರುಗಿದೆವು. ಅಕ್ಕ ಪತ್ರೊಡೆ ತಂದಿಟ್ಟಾಗ ಭಾವ, "ನಾಳೆಗೆ ಯಾವ ಮಂತ್ರ ಓದಿಕೊಳ್ಳುತ್ತೀ?" ಎಂದು ನಗುತ್ತಾ ಕೇಳಿದರು. ನನ್ನ ಗ್ರಂಥದಲ್ಲಿದ್ದದ್ದು ಅದೊಂದೇ.