ಮರಳನ್ನು ಹೊದ್ದ ಗಿಡ

2019ರ ಮಾರ್ಚ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಆಂಜಾ-ಬೊರೆಗೊ ಮರುಭೂಮಿ ಉದ್ಯಾನದ ಬಳಿ, ಹಳದಿ ಮರುಭೂಮಿ ಸೂರ್ಯಕಾಂತಿಗಳ ನಡುವೆ, ನೇರಳೆ ಬೆರೆತ ಗುಲಾಬಿ ಬಣ್ಣದ ಹೂಗೊಂಚಲುಗಳು ನೆಲಕ್ಕೆ ಒರಗಿಕೊಂಡೇ ಹರಡಿದ್ದವು. ಇದು ಸ್ಯಾಂಡ್ ವರ್ಬೀನಾ. ಸಸ್ಯಶಾಸ್ತ್ರದಲ್ಲಿ ಅಬ್ರೋನಿಯಾ ವಿಲ್ಲೋಸಾ. ಎಲೆ, ಕಾಂಡ, ಮೊಗ್ಗಿನ ತೊಟ್ಟು ಎಲ್ಲದರ ಮೇಲೂ ಮರಳು ಮೆತ್ತಿಕೊಂಡಿತ್ತು. ಗಾಳಿ ತಂದ ದೂಳೆಂದು ತಿಳಿದು ಒಂದು ಎಲೆಯನ್ನು ಬೆರಳಿನಿಂದ ಒರೆಸಿದೆ. ಮರಳು ಉದುರಲಿಲ್ಲ, ಬದಲಿಗೆ ಬೆರಳಿಗೇ ಅಂಟು ಹತ್ತಿತು.

ಮರಳು ಮೆತ್ತಿದ್ದು ಆಕಸ್ಮಿಕವಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ಗಿಡದ ಮೈಮೇಲಿನ ನವಿರಾದ ರೋಮಗಳು ಅಂಟು ಒಸರುತ್ತವೆ, ಗಾಳಿಗೆ ಹಾರಿಬಂದ ಮರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಇದೇ ಕುಲದ, ಕಡಲತೀರದ ಹಳದಿ ಹೂವಿನ ಪ್ರಭೇದದ ಮೇಲೆ ಕ್ಯಾಲಿಫೋರ್ನಿಯಾದ ಸಂಶೋಧಕರು ಪ್ರಯೋಗ ನಡೆಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಳನ್ನು ತೊಳೆದು ತೆಗೆದ ಎಲೆಗಳನ್ನು ಕೀಟಗಳು ಹೆಚ್ಚು ತಿಂದಿದ್ದವು. ಮರಳು ಗಿಡವನ್ನು ಮರೆಮಾಚುತ್ತಿರಬಹುದೇ ಎಂದು ನೆಲದ ಬಣ್ಣಕ್ಕೆ ಹೊಂದದ ಮರಳನ್ನೂ ಮೆತ್ತಿ ನೋಡಿದರು. ಆಗಲೂ ರಕ್ಷಣೆ ಸಿಕ್ಕಿತು. ಅನ್ನದಲ್ಲಿ ಕಲ್ಲು ಸಿಕ್ಕಾಗ ನಮ್ಮ ಹಲ್ಲಿಗಾಗುವುದೇ ಹುಳುವಿನ ದವಡೆಗೂ ಆಗುತ್ತದೆ. ತನ್ನ ಸುತ್ತ ಹೇರಳವಾಗಿರುವ ಒಂದೇ ಒಂದು ವಸ್ತುವನ್ನು ಕವಚವಾಗಿಸಿಕೊಂಡ ಈ ಗಿಡದ ಬಗ್ಗೆ ನನಗೆ ಅಂದಿನಿಂದ ಅಪಾರ ಗೌರವ.

ಆದರೂ ಎಲ್ಲ ಬಾಯಿಗಳನ್ನೂ ಮರಳು ತಡೆಯುವುದಿಲ್ಲ. ಬಿಳಿಗೆರೆಯ ಹಾಕ್ ಪತಂಗದ ಕಂಬಳಿಹುಳುಗಳು ಇದನ್ನು ಮೇಯುತ್ತವೆ. ದಕ್ಷಿಣ ಅಮೆರಿಕದಿಂದ ಉತ್ತರಕ್ಕೆ ವಲಸೆ ಹೋಗುವ ಸ್ವೇನ್ಸನ್ ಗಿಡುಗಗಳು ಬೊರೆಗೊ ಕಣಿವೆಯಲ್ಲಿ ಇಳಿದು ಆ ಹುಳುಗಳನ್ನು ತಿಂದು ಹಸಿವು ನೀಗಿಸಿಕೊಳ್ಳುತ್ತವೆ. ಅದೇ ಹುಳು ಪತಂಗವಾದ ಮೇಲೆ, ಮುಸ್ಸಂಜೆಯಲ್ಲಿ ಪರಿಮಳ ಹಿಡಿದು ಬಂದು ಇದೇ ಹೂವಿನ ಮಕರಂದ ಹೀರುತ್ತದೆ.

ವರ್ಬೀನಾ ಎಂಬ ಹೆಸರು ದಾರಿ ತಪ್ಪಿಸುವಂಥದು, ಏಕೆಂದರೆ ನಿಜವಾದ ವರ್ಬೀನಾಗಳ ಕುಟುಂಬವೇ ಬೇರೆ. ಇದು ನಮ್ಮ ಹಿತ್ತಿಲಿನ ಸಂಜೆಮಲ್ಲಿಗೆ, ಬೇಲಿಯ ಕಾಗದದ ಹೂವು, ದಾರಿಬದಿಯಲ್ಲಿ ತೆವಳುವ ಕೊಮ್ಮೆ ಗಿಡ, ಇವುಗಳ ಬಂಧು. ಸಂಜೆಮಲ್ಲಿಗೆಯಲ್ಲಿರುವಂತೆಯೇ ಇದರಲ್ಲೂ ನಿಜವಾದ ಎಸಳಿಲ್ಲ. ಎಸಳೆಂದು ಕಾಣುವುದು ಬಣ್ಣ ತಳೆದ ಪುಷ್ಪಪಾತ್ರೆ. ಕೊಮ್ಮೆಯ ಕಾಯಿ ಬಟ್ಟೆಗೆ ಅಂಟಿಕೊಳ್ಳುವುದನ್ನು ಬಾಲ್ಯದಲ್ಲಿ ಕಂಡಿದ್ದ ನನಗೆ, ಆ ಅಂಟನ್ನು ಬೇರೊಂದು ಖಂಡದ ಮರಳಿನಲ್ಲಿ ಮತ್ತೆ ಮುಟ್ಟಿದಂತಾಯಿತು.

ಇದು ಏಕವಾರ್ಷಿಕ. ಚಳಿಗಾಲದ ಮಳೆ ಸಾಕಷ್ಟು ಬಿದ್ದರೆ ಮೊಳೆತು, ಫೆಬ್ರವರಿಯಿಂದ ಹೂವಾಗಿ, ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಒಣಗುತ್ತದೆ. ರೆಕ್ಕೆಯುಳ್ಳ ಕಾಯಿಗಳು ಗಾಳಿಗೆ ಉರುಳಿಹೋಗಿ ಮರಳಿನಲ್ಲಿ ಹೂತು, ಮಳೆಯಿಲ್ಲದ ವರ್ಷಗಳನ್ನು ಬೀಜವಾಗಿಯೇ ಕಳೆಯುತ್ತವೆ. ಈಗ ಅದೇ ಮರಳಿಗೆ ಸಹಾರಾ ಸಾಸಿವೆ ಎಂಬ ಹೊರಗಿನ ಕಳೆ ನುಗ್ಗಿದೆ. ಅದು ಬೇಗ ಮೊಳೆತು, ಎತ್ತರಕ್ಕೆ ಬೆಳೆದು, ನೆಲಕ್ಕಂಟಿದ ಈ ಗಿಡದ ಬೆಳಕನ್ನೂ ನೀರನ್ನೂ ಕಸಿಯುತ್ತದೆ. ಸ್ವಯಂಸೇವಕರು ಅದನ್ನು ಬೀಜ ಕಟ್ಟುವ ಮೊದಲೇ ಕೈಯಿಂದ ಕಿತ್ತು ಚೀಲಕ್ಕೆ ತುಂಬುತ್ತಾರೆ. ಹೂವು ನೋಡಲು ಹೋಗುವವರು ದಯವಿಟ್ಟು ರಸ್ತೆಯಂಚಿನಲ್ಲೇ ನಿಂತು ನೋಡಿ. ಚಿತ್ರಕ್ಕಾಗಿ ಹೂಗಳ ನಡುವೆ ಕಾಲಿಟ್ಟರೆ ತುಳಿತಕ್ಕೆ ಸಿಗುವುದು ಇನ್ನೂ ಕಾಯಿ ಕಟ್ಟದ ಗಿಡ.