ಖಾಲಿ ಬಿಟ್ಟ ಗಣಿತದ ಸಾಲು

ಇವತ್ತು ಅಮೆರಿಕದ ಮಿಶಿಗನ್ ರಾಜ್ಯದ ಒಂಬತ್ತನೇ ಕ್ಲಾಸಿನ ಮಗುವೊಂದರ ನಾಲ್ಕು ವರ್ಷದ ಹೈಸ್ಕೂಲ್ ಕೋರ್ಸ್ ಪ್ಲಾನ್ ನೋಡಿದೆ. ಹನ್ನೆರಡನೇ ಕ್ಲಾಸಿನ ಗಣಿತದ ಸಾಲು ಖಾಲಿ.

ಎಡವೋದೇ ಅಲ್ಲಿ.

ಹೈಸ್ಕೂಲ್ ಪಾಸಾಗೋಕೆ ಅಲ್ಲಿನ 2006ರ ಕಾನೂನು ಕೇಳೋದು ಗಣಿತದಲ್ಲಿ 4 ಕ್ರೆಡಿಟ್, ಅಂದ್ರೆ ಸುಮಾರು ನಾಲ್ಕು ವರ್ಷದ ಪಾಠ. ಆಲ್ಜೀಬ್ರಾ 1, ಜಾಮೆಟ್ರಿ, ಆಲ್ಜೀಬ್ರಾ 2, ಮೇಲೊಂದು. ಕೊನೇ ವರ್ಷ ಗಣಿತ ಇರಲೇಬೇಕು. ಬಿಗಿ ನಿಯಮವೇ, ಆದ್ರೆ ಸರಿಯಾದದ್ದು. ಒಂದು ವರ್ಷ ಕೈಬಿಟ್ರೆ ಲಾಗರಿದಮ್ ಇರಲಿ, ಭಿನ್ನರಾಶಿಯೂ ಮರೆತುಹೋಗುತ್ತೆ. ಯಾವ ಮಟ್ಟದ ಕ್ಲಾಸಿಗೆ ಹಾಕ್ಬೇಕು ಅಂತ ನೋಡೋ ಕಾಲೇಜಿನ ಪ್ಲೇಸ್‌ಮೆಂಟ್ ಟೆಸ್ಟ್‌ನಲ್ಲಿ ಅಂಕ ಕಡಿಮೆ ಬಂದ್ರೆ, ಶಾಲೆಯ ಪಾಠವನ್ನೇ ಮತ್ತೆ ಕಲಿಸೋ ರೆಮಿಡಿಯಲ್ ಕೋರ್ಸ್. ಫೀಸು ಕಟ್ಟಬೇಕು, ಡಿಗ್ರಿಗೆ ಮಾತ್ರ ಲೆಕ್ಕಕ್ಕಿಲ್ಲ.

ಆಲ್ಜೀಬ್ರಾ 2 ಕಷ್ಟ ಅನ್ಸಿದ್ರೆ ಎರಡು ವರ್ಷಕ್ಕೆ ಹಂಚ್ಕೊಂಡು 2 ಕ್ರೆಡಿಟ್ ತಗೋಬಹುದು. ವೆಲ್ಡಿಂಗ್, ಎಲೆಕ್ಟ್ರಾನಿಕ್ಸ್ ಥರದ ವೃತ್ತಿ ಕೋರ್ಸಿನೊಳಗೇ ಅದೇ ಪಾಠ ಮುಗಿಸೋ ದಾರಿಯೂ ಇದೆ. ಎಷ್ಟೋ ಅಪ್ಪ ಅಮ್ಮಂದಿರಿಗೆ ಇದನ್ನ ಯಾರೂ ಹೇಳಿರೋದಿಲ್ಲ.