ಹೈದರಾಬಾದಿನ ಹಣ, ಹದ್ರಮೌತಿನ ಗದ್ದುಗೆ

ನನ್ನ ಅಂಚೆಚೀಟಿಗಳ ಸಂಗ್ರಹದಲ್ಲಿ ಒಂದು ಆಣೆ ಬೆಲೆಯ ಹಳೆಯ ಚೀಟಿಯೊಂದಿದೆ. ಅದರ ಮೇಲೆ ಪೇಟ ಸುತ್ತಿದ ಸುಲ್ತಾನ್ ಸಾಲಿಹ್ ಬಿನ್ ಗಾಲಿಬ್ ಅವರ ಭಾವಚಿತ್ರವಿದ್ದು, ಶಿಹ್ರ್ ಮತ್ತು ಮುಕಲ್ಲಾದ ಕುಅಯ್ತಿ ರಾಜ್ಯ ಎಂಬ ಬರಹವಿದೆ. 1951ರಲ್ಲಿ ಅದೇ ಚೀಟಿಯ ಮೇಲೆ ಐದು ಸೆಂಟ್ ಎಂಬ ಹೊಸ ಬೆಲೆಯನ್ನು ಅಚ್ಚೊತ್ತಲಾಗಿದೆ. ಕುಅಯ್ತಿ ಎಂಬ ಮನೆತನದ ಹೆಸರಿಗೂ ಕುವೈತ್ ದೇಶಕ್ಕೂ ಸಂಬಂಧವಿಲ್ಲ. ಇಂದಿನ ಯೆಮನ್ ದೇಶದ ಪೂರ್ವಭಾಗವಾದ ಹದ್ರಮೌತನ್ನು ಆಳಿದ ಅರಬ್ ಸುಲ್ತಾನರ ಚೀಟಿಯಲ್ಲಿ ನಮ್ಮ ಆಣೆ ಏಕೆ ಕಾಣಿಸಿಕೊಂಡಿತು ಎಂದು ಹುಡುಕುತ್ತ ಹೋದಾಗ, ಬ್ರಿಟಿಷರು ಏಡನ್ ಬಂದರನ್ನು ಬಹುಕಾಲ ಬೊಂಬಾಯಿಯಿಂದ ಆಳುತ್ತಿದ್ದರು ಎಂಬ ಸಿದ್ಧ ಉತ್ತರ ಸಿಗುತ್ತದೆ. ಆದರೆ ಆ ಉತ್ತರ ಅರ್ಧ ಮಾತ್ರ ನಿಜ. ಈ ರಾಜ್ಯದ ಬುನಾದಿಯೇ ಹೈದರಾಬಾದಿನಲ್ಲಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಹದ್ರಮೌತಿನ ಬಡ ಯುವಕರಿಗೆ ನಿಜಾಮರ ಸೈನ್ಯದ ಅರಬ್ ತುಕಡಿಗಳು ಹೊಟ್ಟೆಪಾಡಿನ ದಾರಿಯಾಗಿದ್ದವು. ಯಾಫಿ ಬುಡಕಟ್ಟಿನ ಉಮರ್ ಬಿನ್ ಅವಧ್ ಅಲ್ ಕುಅಯ್ತಿ ಅಲ್ಲಿಗೆ ಹೋಗಿ ಜಮಾದಾರರಾದರು. ನಮ್ಮ ಕಿವಿಗೆ ಜಮಾದಾರ ಎಂದರೆ ಸಣ್ಣ ಹುದ್ದೆ. ಹೈದರಾಬಾದಿನ ಅರಬ್ ಜಮಾದಾರರಾದರೋ ತಮ್ಮದೇ ಪಡೆಯನ್ನು ಸಾಕಿ, ಸಾಲ ಕೊಟ್ಟು ವಸೂಲು ಮಾಡುತ್ತ, ದೊರೆಗಳಂತೆ ಬದುಕಿದವರು. ಹೀಗೆ ಗಳಿಸಿದ ಹಣವನ್ನು ಉಮರ್ ಮತ್ತು ಅವರ ಮಕ್ಕಳು ತವರಿನಲ್ಲಿ ನೆಲ ಗೆಲ್ಲಲು ಸುರಿದರು. ಮಣ್ಣಿನ ಇಟ್ಟಿಗೆಯ ಬಹುಮಹಡಿ ಮನೆಗಳಿಗೆ ಹೆಸರಾದ ಶಿಬಾಮ್ 1858ರಲ್ಲಿ ಅವರ ಕೈಸೇರಿತು, ಆ ಮೇಲೆ ಕರಾವಳಿಯ ಶಿಹ್ರ್. ಮುಕಲ್ಲಾ ಬಂದರಿನ ಕಥೆ ಇನ್ನೂ ಸ್ವಾರಸ್ಯಕರ: ಅಲ್ಲಿ ಆಳುತ್ತಿದ್ದ ಕಸಾದಿ ಮನೆತನದ ನಕೀಬರು (ಅಲ್ಲಿನ ದೊರೆಯ ಬಿರುದು) ಕುಅಯ್ತಿಗಳಿಂದ ಪಡೆದ ಸಾಲವನ್ನು ತೀರಿಸಲಾಗದೆ ಊರಿನ ಅರ್ಧವನ್ನೇ ಬರೆದುಕೊಡಬೇಕಾಯಿತು, ಮತ್ತು ವ್ಯಾಜ್ಯ ಬೆಳೆದು 1881ರಲ್ಲಿ ಬ್ರಿಟಿಷರ ಒತ್ತಾಸೆಯಿಂದ ಉಳಿದರ್ಧವನ್ನೂ ಕಳೆದುಕೊಂಡು ಜಂಜಿಬಾರಿಗೆ ತೆರಳಿದರು. ಕತ್ತಿಗಿಂತ ಸಾಲಪತ್ರವೇ ಹೆಚ್ಚು ಕೆಲಸ ಮಾಡಿತು ಎಂದು ನನಗನ್ನಿಸುತ್ತದೆ.

ಬ್ರಿಟಿಷರಿಗೆ ಬೇಕಾಗಿದ್ದುದು ಏಡನ್ನಿನ ಸುತ್ತ ಬೇರೆ ಯುರೋಪಿಯನ್ನರು ಕಾಲೂರದಿರುವುದು. 1882ರ ಒಪ್ಪಂದದಲ್ಲಿ ತಮ್ಮ ನೆಲವನ್ನು ಅನ್ಯರಿಗೆ ಬಿಟ್ಟುಕೊಡುವುದಿಲ್ಲವೆಂದು ಕುಅಯ್ತಿಗಳು ಮಾತುಕೊಟ್ಟರು. 1888ರಲ್ಲಿ ರಾಜ್ಯವು ವಿಧ್ಯುಕ್ತವಾಗಿ ಬ್ರಿಟಿಷರ ರಕ್ಷಣೆಗೆ ಒಳಪಟ್ಟಿತು. ಮುಂದಿನ ಐವತ್ತು ವರ್ಷ ಈ ರಕ್ಷಣೆ ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು. ಒಳನಾಡಿನಲ್ಲಿ ಸೆಯ್ಯೂನ್ ನಗರದ ಕಥೀರಿ ಸುಲ್ತಾನರೊಂದಿಗಿನ ಹಳೆಯ ಹಗೆ 1918ರ ಒಪ್ಪಂದದವರೆಗೂ ಎಳೆಯಿತು. ಬುಡಕಟ್ಟುಗಳ ನಡುವಿನ ಸೇಡಿನ ಕೊಲೆಗಳಂತೂ ಅದರ ನಂತರವೂ ನಿಲ್ಲಲಿಲ್ಲ.

1937ರಲ್ಲಿ ಸುಲ್ತಾನ್ ಸಾಲಿಹ್ ಅವರು ಬ್ರಿಟಿಷ್ ಸಲಹೆಗಾರರನ್ನು ಒಪ್ಪಿಕೊಂಡಾಗ ಹೆರಾಲ್ಡ್ ಇಂಗ್ರಾಮ್ಸ್ ಆ ಸ್ಥಾನಕ್ಕೆ ಬಂದರು. ಅದೇ ವರ್ಷ ಸುಮಾರು 1,400 ಮುಖಂಡರ ಸಹಿ ಪಡೆದು ಜಾರಿಗೆ ತಂದ ಮೂರು ವರ್ಷಗಳ ಕದನವಿರಾಮ ಇಂಗ್ರಾಮ್ಸರ ಶಾಂತಿ ಎಂದೇ ಪ್ರಸಿದ್ಧವಾಯಿತು. ಈ ಹೆಸರು ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಮಣಿಯದವರ ಮೇಲೆ ವಿಮಾನದಿಂದ ಬಾಂಬು ಬಿದ್ದುದನ್ನು ಅದು ಮರೆಮಾಚುತ್ತದೆ. ಜೊತೆಗೆ, ಸಿಂಗಾಪುರದಲ್ಲಿ ಮನೆತನ ಗಳಿಸಿದ್ದ ಸಂಪತ್ತನ್ನು ಸಂಧಾನಕ್ಕಾಗಿಯೂ ಒಳನಾಡಿನ ತರೀಮ್ ಪಟ್ಟಣದಿಂದ ಕರಾವಳಿಗೆ ಇಳಿಯುವ ರಸ್ತೆಗಾಗಿಯೂ ಖರ್ಚು ಮಾಡಿದ ಸಯ್ಯದ್ ಅಬೂಬಕ್ರ್ ಅಲ್ ಕಾಫ್ ಅವರನ್ನು ಹಿಂದಕ್ಕೆ ಸರಿಸುತ್ತದೆ.

ಹೊರನಾಡಿನ ಹಣದ ಮೇಲೆ ನಿಂತ ನಾಡಿಗೆ ಹೊರನಾಡಿನ ಕೇಡೂ ತಟ್ಟದಿರಲಿಲ್ಲ. ಜಪಾನೀಯರು ಆಗ್ನೇಯ ಏಷ್ಯಾವನ್ನು ಹಿಡಿದೊಡನೆ ಸಿಂಗಾಪುರ ಮತ್ತು ಜಾವಾದಲ್ಲಿ ನೆಲೆಸಿದ್ದ ಹದ್ರಮೌತಿನವರಿಂದ ಬರುತ್ತಿದ್ದ ಹಣ ನಿಂತುಹೋಯಿತು. ಮಳೆಯೂ ಕೈಕೊಟ್ಟು, 1940ರ ದಶಕದಲ್ಲಿ ಹದ್ರಮೌತ್ ಭೀಕರ ಬರಗಾಲಕ್ಕೆ ತುತ್ತಾಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾದ ಮೇಲೆ ಅಲ್ಲಿನ ಅರಬ್ ಪಡೆಗಳೂ, ಮರುವರ್ಷ ಜಹಗೀರುಗಳೂ ಇಲ್ಲವಾದವು. ಮೂರೇ ವರ್ಷದಲ್ಲಿ ನನ್ನ ಚೀಟಿಯ ಮೇಲಿನ ಆಣೆ ಪೂರ್ವ ಆಫ್ರಿಕಾದ ಸೆಂಟಿಗೆ ಜಾಗ ಬಿಟ್ಟುಕೊಟ್ಟಿತು.

ಬ್ರಿಟಿಷರು ಕಟ್ಟಿದ ದಕ್ಷಿಣ ಅರೇಬಿಯಾ ಒಕ್ಕೂಟವನ್ನು ಕುಅಯ್ತಿ ರಾಜ್ಯ ಕೊನೆಯವರೆಗೂ ಸೇರಲಿಲ್ಲ. 1966ರಲ್ಲಿ ಪಟ್ಟಕ್ಕೆ ಬಂದ ಗಾಲಿಬ್ ಬಿನ್ ಅವಧ್ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1967ರ ಸೆಪ್ಟೆಂಬರ್ 17ರಂದು ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ವಿಮೋಚನಾ ರಂಗದವರು ಮುಕಲ್ಲಾವನ್ನು ವಶಪಡಿಸಿಕೊಂಡಾಗ ಈ ಸುಲ್ತಾನರು ವಿದೇಶ ಪ್ರಯಾಣ ಮುಗಿಸಿ ಹಡಗಿನಲ್ಲಿ ಮರಳುತ್ತಿದ್ದರು. ತಮ್ಮದೇ ಬಂದರಿನಲ್ಲಿ ಇಳಿಯಲು ಅವರಿಗೆ ಅವಕಾಶ ಸಿಗಲಿಲ್ಲ. ರಕ್ಷಣೆಯ ಮಾತು ಕೊಟ್ಟಿದ್ದ ಬ್ರಿಟಿಷರು ಆಗಿನ್ನೂ ಏಡನ್ನಿನಲ್ಲೇ ಇದ್ದರು; ಅವರು ಅಲ್ಲಿಂದ ಹೊರಟದ್ದು ನವೆಂಬರ್ ಕೊನೆಯಲ್ಲಿ.